ಫಿಟ್ಸ್ ಮಾತ್ರೆ ಮತ್ತು ನನ್ನ ಕತ್ತಲೆ ರೂಮು

ಮಾರ್ಚ್ ೪, ಮಂಗಳವಾರ

ಇವತ್ತಿಂದ ನನ್ನ ಫೀಲ್ಡ್ ರೂಮಿಗೆ, ಅಂದರೆ ರೋಗಿಗಳ ನೋಟದ ಹರವು ಅಳೆಯುವ ಕತ್ತಲೆ ರೂಮಿಗೆ, ಒಬ್ಬ ಸಂಶೋಧಕ ವಕ್ಕರಿಸಿದ್ದಾನೆ. ವಯಸ್ಸು ಮೂವತ್ತೋ ಮೂವತ್ತೆರಡೋ. ಕಣ್ಣಿನ ಡಾಕ್ಟರಂತೆ. ಕಂಕುಳಲ್ಲಿ ಒಂದು ಲ್ಯಾಪ್‌ಟಾಪ್, ಅದರ ತುಂಬ ಗ್ರಾಫು. ಬಂದವನು ನಮಸ್ಕಾರ ಹೇಳುವ ಮೊದಲೇ "ಮೇಡಂ, ಇಲ್ಲಿ ಪ್ಲಗ್ ಪಾಯಿಂಟ್ ಎಲ್ಲಿದೆ?" ಅಂದ. ಅಲ್ಲೇ ಹೆಸರಿಟ್ಟುಬಿಟ್ಟೆ, ಗ್ರಾಫಪ್ಪ.

ದೊಡ್ಡ ಡಾಕ್ಟ್ರು ಜೊತೆಗೆ ಬಂದು ಪರಿಚಯ ಮಾಡಿಸಿದರು. "ಇವರು ನಮ್ಮ ಫೀಲ್ಡ್ ರೂಮಿನ ಮಹಾರಾಣಿ. ಇಪ್ಪತ್ತಾರು ವರ್ಷ ಆಯ್ತು. ಇವರು ತೆಗೆದ ಫೀಲ್ಡ್ ಅಂದ್ರೆ ಕಣ್ಣು ಮುಚ್ಚಿ ನಂಬಬಹುದು" ಅಂದರು. ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ನಂಬೋದು ಅವರೊಬ್ಬರಿಗೇ ಸಾಧ್ಯ. ಆದರೂ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ.

ಗ್ರಾಫಪ್ಪನ ಮಹಾಕಾರ್ಯ ಏನಪ್ಪಾ ಅಂದರೆ, ಫಿಟ್ಸ್ ಇರುವವರು ನುಂಗುವ ಒಂದು ಬಿಳಿ ಮಾತ್ರೆ ಇದೆ. ಅದನ್ನು ವರ್ಷಗಟ್ಟಲೆ ನುಂಗಿದವರ ಫೈಲುಗಳಲ್ಲಿ "ಗ್ಲಾಕೋಮಾ ಅನುಮಾನ" ಅಂತ ಬರೆದಿರೋದು ಬೇರೆಯವರಿಗಿಂತ ಜಾಸ್ತಿಯಾ ಅಂತ ನೋಡುವುದು. ಗ್ಲಾಕೋಮಾ ಅಂದರೆ ಕಣ್ಣಿನ ನರ ಸದ್ದಿಲ್ಲದೆ ಸವೆಯುವ ಕಾಯಿಲೆ. ನೋಟ ಅಂಚಿನಿಂದ ಹೋಗುತ್ತಾ ಬರುತ್ತೆ, ರೋಗಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಹೋಗಿರುತ್ತೆ. ಅದನ್ನು ಹುಡುಕುತ್ತಾನಾ ಅಂದರೆ ಅದೂ ಅಲ್ಲ. ಅದರ ಅನುಮಾನವನ್ನು ಹುಡುಕುತ್ತಾನೆ! ಕಳ್ಳನನ್ನು ಹಿಡಿಯೋದು ಬಿಟ್ಟು, ಬೀದಿಯಲ್ಲಿ ಯಾರ ಮುಖ ಕಳ್ಳನ ಥರ ಇದೆ ಅಂತ ಪಟ್ಟಿ ಮಾಡೋ ಕೆಲಸ. ಇದಕ್ಕೆ ಮೂರು ಜನ ದೊಡ್ಡ ಡಾಕ್ಟ್ರ ಸಹಿ, ಒಂದು ಸೀಲು.

ಆ ಮಾತ್ರೆ ನನಗೆ ಗೊತ್ತಿಲ್ಲದ್ದಾ? ನಮ್ಮ ಅಡುಗೆಮನೆಯ ಕಪಾಟಿನಲ್ಲೇ ಇದೆ. ಹನ್ನೊಂದು ವರ್ಷದಿಂದ ನನ್ನ ತಂಗಿ ನುಂಗುತ್ತಿದ್ದಾಳೆ. ಅವಳ ಫೀಲ್ಡ್ ವರ್ಷಕ್ಕೊಂದು ಸಲ ನಾನೇ ತೆಗೀತೀನಿ. ಆರು ವರ್ಷದ ಆರು ಪ್ರಿಂಟು, ಕಾಣದ ಜಾಗ ಕಪ್ಪಾಗಿ ಬರಬೇಕು, ಒಂದರಲ್ಲೂ ಒಂದು ಕಪ್ಪು ಚುಕ್ಕೆ ಇಲ್ಲ. ಗ್ರಾಫಪ್ಪನಿಗೆ ಹೇಳಲಿಲ್ಲ. ಹುಡುಕಿಕೊಳ್ಳಲಿ, ಅದಕ್ಕೇ ತಾನೆ ಅವನಿಗೆ ಸಂಬಳ.

ಮಾರ್ಚ್ ೫, ಬುಧವಾರ

ಊಟಕ್ಕೆ ಕೂತಾಗ ಗ್ರಾಫಪ್ಪನ ವೇಷ ಹಾಕಿ ತಂಗಿಯನ್ನು ನಗಿಸಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತಟ್ಟೆಯನ್ನೇ ಲ್ಯಾಪ್‌ಟಾಪ್ ಮಾಡಿಕೊಂಡು, "ನೋಡಿ ಮೇಡಂ, ಈ ಬಿಳಿ ಮಾತ್ರೆ ನುಂಗಿದವರ ಕಣ್ಣು ಹೋಗುತ್ತೆ ಅಂತ ನನ್ನ ಗ್ರಾಫ್ ಹೇಳ್ತಾ ಇದೆ" ಅಂದೆ. ಅವಳು ನೀರು ನೆತ್ತಿಗೇರಿಸಿಕೊಳ್ಳುವಷ್ಟು ನಕ್ಕಳು.

ತಟ್ಟೆ ತೊಳೆಯುವಾಗ ಕೇಳಿದಳು, "ನಿಜವಾ ಅಕ್ಕಾ?"

"ನಿನ್ನ ತಲೆ. ನಿನ್ನ ಕಣ್ಣು ನನಗಿಂತ ಆ ಗ್ರಾಫಪ್ಪನಿಗೆ ಜಾಸ್ತಿ ಗೊತ್ತಾ?"

ಪುಟ್ಟಿಗೆ ಈಗ ಮೂವತ್ತೊಂಬತ್ತು. ನನಗೆ ಮಾತ್ರ ಇನ್ನೂ ಪುಟ್ಟಿ. ಹದಿನಾಲ್ಕಕ್ಕೆ ಫಿಟ್ಸ್ ಶುರುವಾಯಿತು. ಕಟ್ಟಿಕೊಂಡ ಮಹಾನುಭಾವ ಮೂರನೇ ತಿಂಗಳಲ್ಲಿ ಅವಳು ನೆಲಕ್ಕೆ ಬಿದ್ದು ಒದ್ದಾಡಿದ್ದು ನೋಡಿ ಚಪ್ಪಲಿ ಕೂಡ ಮೆಟ್ಟದೆ ಓಡಿದ. ಇನ್ನೂ ಓಡ್ತಾ ಇದ್ದಾನೆ ಅಂತ ಕಾಣುತ್ತೆ. ಓಡಲಿ. ಈ ಮಾತ್ರೆ ಹೊಂದಿಕೊಂಡ ಮೇಲೆ ಒಂಬತ್ತು ವರ್ಷದಿಂದ ಒಂದೇ ಒಂದು ಫಿಟ್ಸ್ ಬಂದಿಲ್ಲ. ಅದಕ್ಕೇ ಬೈಂಡಿಂಗ್ ಶಾಪಿನವರು ಕಟಿಂಗ್ ಮೆಷಿನ್ ಅವಳ ಕೈಗೆ ಕೊಟ್ಟಿರೋದು. ಐನೂರು ಹಾಳೆಯ ಕಟ್ಟನ್ನು ಒಂದೇ ಏಟಿಗೆ ಕತ್ತರಿಸುವ ಬ್ಲೇಡು ಅದು. ಆ ಶಾಪಿನ ಹೆಂಗಸರಲ್ಲಿ ಅದನ್ನು ಮುಟ್ಟುವವಳು ನಮ್ಮ ಪುಟ್ಟಿ ಒಬ್ಬಳೇ. ಮೆಷಿನ್ ವಿಷಯ ಮಾತಾಡುವಾಗ ಅವಳ ಬೆನ್ನು ತಾನಾಗಿಯೇ ನೆಟ್ಟಗಾಗುತ್ತೆ.

ಮಾರ್ಚ್ ೭, ಶುಕ್ರವಾರ

ಇವತ್ತು ಗ್ರಾಫಪ್ಪನಿಗೆ ಚೆನ್ನಾಗಿ ಝಾಡಿಸಿದೆ. ಬೆಳಿಗ್ಗೆಯಿಂದ ಮೂಲೆಯಲ್ಲಿ ಕೂತು ಟಪಟಪ ಕುಟ್ಟುತ್ತಿದ್ದವನು "ಮೇಡಂ, ಮಾತ್ರೆ ತಗೊಳ್ಳೋರಲ್ಲಿ ಅನುಮಾನ ಹೆಚ್ಚುಕಡಿಮೆ ಎರಡರಷ್ಟು ಬರ್ತಾ ಇದೆ" ಅಂತ ಹಲ್ಲು ಬಿಟ್ಟ. ಎರಡರಷ್ಟು ಅಂದರೆ ಎರಡು ಪಾಲು ಜನಕ್ಕೆ ಸಂಕಟ ಅನ್ನೋದು ಅವನ ತಲೆಗೆ ಹೋಗಲಿಲ್ಲ.

"ಡಾಕ್ಟ್ರೇ, ಆ ಮಾತ್ರೆ ತಗೊಳ್ಳೋರನ್ನ ಫಿಟ್ಸ್ ನೋಡೋ ನರದ ಡಾಕ್ಟ್ರು ವರ್ಷಾ ವರ್ಷಾ ಇಲ್ಲಿಗೆ ಕಳಿಸ್ತಾರೆ. ಬೇರೆಯವರು ಬರೋದು ಕಣ್ಣು ಉರಿದಾಗ ಮಾತ್ರ. ವರ್ಷಾ ವರ್ಷಾ ಬಗ್ಗಿ ನೋಡಿದ್ರೆ ಯಾರ ಕಣ್ಣಲ್ಲಾದ್ರೂ ಏನಾದ್ರೂ ಅನುಮಾನ ಬಂದೇ ಬರುತ್ತೆ. ಅದು ಮಾತ್ರೆಯ ತಪ್ಪಾ, ಬಗ್ಗಿ ನೋಡಿದವರ ತಪ್ಪಾ?"

ಅವನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ನಾನು ಹೇಳಿದ್ದನ್ನು ಬರೆದುಕೊಂಡ! "ಇದು ದೊಡ್ಡ ಪಾಯಿಂಟ್ ಮೇಡಂ, ಥ್ಯಾಂಕ್ಸ್" ಅಂದ. ಬೈದರೆ ಬರೆದುಕೊಳ್ಳುವ ಮನುಷ್ಯನನ್ನು ಏನು ಮಾಡುವುದು? ಜಗಳ ಆಡುವ ಮಜಾನೇ ಹೋಯಿತು.

ಮಾರ್ಚ್ ೧೩, ಗುರುವಾರ



ಮಧ್ಯಾಹ್ನ ಬೈಂಡಿಂಗ್ ಶಾಪಿನ ಮೇಸ್ತ್ರಿ ಫೋನ್ ಮಾಡಿದರು. ಟೀ ಹೊತ್ತಿನಲ್ಲಿ ಪುಟ್ಟಿ ಲೋಟ ಹಿಡಿದುಕೊಂಡು ಕೂತವಳು ಹಾಗೇ ಕಲ್ಲಾಗಿದ್ದಾಳೆ. ಲೋಟ ಕೈಯಿಂದ ಜಾರಿದೆ. ಏನೋ ಅಗಿಯುತ್ತಿರುವ ಹಾಗೆ ಬಾಯಿ ಆಡಿಸಿದ್ದಾಳೆ, ಕರೆದರೆ ಓಗೊಟ್ಟಿಲ್ಲ. ಒಂದು ನಿಮಿಷ. ಆಮೇಲೆ "ಯಾಕೆ ಎಲ್ಲರೂ ನನ್ನ ನೋಡ್ತಿದ್ದೀರಿ?" ಅಂದಳಂತೆ. ಹತ್ತು ನಿಮಿಷ ಮೊದಲು ಅವಳು ಮೆಷಿನ್ ಮುಂದೆ ನಿಂತಿದ್ದಳು.

ಮನೆಗೆ ಕರೆದುಕೊಂಡು ಬಂದು ಮಾತ್ರೆ ಡಬ್ಬಿ ತೆರೆದೆ. ವಾರದ ಏಳು ಮನೆಗಳಲ್ಲಿ ಏಳೂ ತುಂಬಿವೆ.

"ಎಷ್ಟು ದಿನ ಆಯ್ತು?"

"ಮೊದಲು ಅರ್ಧ ಮಾಡಿದೆ. ಈ ವಾರ ಪೂರ್ತಿ ಬಿಟ್ಟೆ."

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?"

"ನೀನೇ ಹೇಳಿದ್ಯಲ್ಲಕ್ಕಾ, ಕಣ್ಣು ಹೋಗುತ್ತೆ ಅಂತ. ಕಣ್ಣು ಹೋದ್ರೆ ಬ್ಲೇಡಿನ ಗೆರೆ ಹೇಗೆ ನೋಡ್ಲಿ? ನನಗೆ ಇರೋದು ಅದೊಂದು ಕೆಲಸ."

ನಾನು ತಮಾಷೆ ಮಾಡಿದ್ದು! ತಮಾಷೆ ಅಂತ ಹೇಳಿದ್ದೆ ಕೂಡ! ಇದಕ್ಕೆಲ್ಲ ಆ ಗ್ರಾಫಪ್ಪನೇ ಕಾರಣ. ಅವನ ಲ್ಯಾಪ್‌ಟಾಪಿಗೆ ಬೆಂಕಿ ಬೀಳಲಿ. ನಾಳೆ ಇದೆ ಅವನಿಗೆ.

ಮಾರ್ಚ್ ೧೪, ಶುಕ್ರವಾರ

ಕಾರಿಡಾರಿನಲ್ಲಿ, ಮೂವತ್ತು ಜನ ರೋಗಿಗಳ ಎದುರಿಗೆ, ಗ್ರಾಫಪ್ಪನ ನೀರಿಳಿಸಿದೆ. "ನಿಮ್ಮ ಸಂಶೋಧನೆ ಕೇಳಿ ನನ್ನ ತಂಗಿ ಮಾತ್ರೆ ಬಿಟ್ಟಳು. ನಿನ್ನೆ ಅವಳ ಬೆರಳು ಹೋಗಬೇಕಿತ್ತು, ಕೈ ಹೋಗಬೇಕಿತ್ತು!" ರಿಸೆಪ್ಷನ್ ಹುಡುಗಿ ಬರೆಯೋದು ನಿಲ್ಲಿಸಿದಳು, ಹನಿ ಹಾಕಿಸಿಕೊಂಡವರು ಕೂಡ ಕಣ್ಣು ಬಿಟ್ಟು ನೋಡಿದರು.

ಅವನು ವಾದ ಮಾಡಲಿಲ್ಲ. ಮುಖ ಬಿಳುಚಿಕೊಂಡು "ಈಗ ಎಲ್ಲಿದ್ದಾರೆ? ಮತ್ತೆ ಶುರು ಮಾಡಿದ್ರಾ?" ಅಂತ ಕೇಳಿದ. ಆ ಮಾತ್ರೆಯನ್ನು ಯಾರೂ ತಾವಾಗಿಯೇ ಬಿಡಬಾರದು, ಬಿಡುವುದು ಕಣ್ಣಿನ ಅನುಮಾನಕ್ಕಿಂತ ಅಪಾಯ, ಇದನ್ನು ತಾನು ಮೊದಲ ದಿನವೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಬೇಕಿತ್ತು ಅಂದ. ಅಲ್ಲೇ ನಿಂತು ನರದ ಡಾಕ್ಟ್ರಿಗೆ ಫೋನ್ ಹಚ್ಚಿ ಸೋಮವಾರಕ್ಕೆ ಹೊತ್ತು ಗೊತ್ತು ಮಾಡಿದ.

ಆಮೇಲೆ ಕೇಳಿದ, "ನನ್ನ ಸಂಶೋಧನೆ ಅವರಿಗೆ ಹೇಗೆ ಗೊತ್ತಾಯ್ತು ಮೇಡಂ?"

ಊರಿಗೆಲ್ಲ ಗೊತ್ತು ಅಂದೆ. ಬೇರೆ ಏನು ಹೇಳಲಿ?

ಮಾರ್ಚ್ ೧೭, ಸೋಮವಾರ

ಪುಟ್ಟಿಯ ಕಣ್ಣಿನ ನರದ ಸ್ಕ್ಯಾನ್ ಮಾಡಿಸಿದರು. ಎಡಗಣ್ಣಿನ ನರದ ಕೆಳಗಿನ ಅಂಚು ಒಂಚೂರು ತೆಳುವಾಗಿದೆಯಂತೆ. ಹುಟ್ಟಿನಿಂದಲೇ ಹಾಗಿರಬಹುದು, ಮಾತ್ರೆಯಿಂದ ಇರಬಹುದು, ಏನೂ ಅಲ್ಲದೆಯೂ ಇರಬಹುದು. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಕೆಳ ಅಂಚು ಸವೆದಿದ್ದರೆ ಮೇಲುಭಾಗದ ನೋಟದಲ್ಲಿ ಕೊರತೆ ಕಾಣಬೇಕು. ನಾನು ಆರು ವರ್ಷದ ಪ್ರಿಂಟುಗಳನ್ನು ನರದ ಡಾಕ್ಟ್ರ ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದೆ. ಎಲ್ಲಾ ಸ್ವಚ್ಛ. ಅವರು ನೋಡಿ, "ಇಷ್ಟು ಒಳ್ಳೆ ಫೀಲ್ಡ್ ಇರುವಾಗ ಭಯ ಇಲ್ಲ. ಇದೇ ಮಾತ್ರೆ ಮುಂದುವರಿಸೋಣ. ಫೀಲ್ಡ್ ಕೆಟ್ಟಿದ್ದಿದ್ರೆ ಬೇರೆ ಮಾತ್ರೆಗೆ ಬದಲಾಯಿಸಬೇಕಿತ್ತು. ಅದಕ್ಕೆ ಮೂರು ತಿಂಗಳು ಹಿಡಿಯುತ್ತೆ, ಆ ಹೊತ್ತಲ್ಲಿ ಫಿಟ್ಸ್ ಬರಲ್ಲ ಅಂತ ಹೇಳೋಕಾಗಲ್ಲ, ಮೆಷಿನ್ ಅಂತೂ ಮುಟ್ಟೋ ಹಾಗಿರಲ್ಲ" ಅಂದರು. ಮಾತ್ರೆ ಬಿಟ್ಟಿದ್ದರಿಂದ ಹೀಗಾಯಿತು, ಸರಿಯಾಗಿ ತಗೊಂಡರೆ ಕೆಲಸ ಮಾಡಬಹುದು ಅಂತ ಮೇಸ್ತ್ರಿಗೆ ಕಾಗದ ಬರೆದುಕೊಟ್ಟರು. ಮೇಸ್ತ್ರಿ ಓದಿ, ಎರಡು ವಾರ ಹಾಳೆ ಮಡಚುವ ಟೇಬಲ್, ಒಂದನೇ ತಾರೀಕಿನಿಂದ ಮತ್ತೆ ಮೆಷಿನ್ ಅಂದರಂತೆ.

ನನ್ನ ಪ್ರಿಂಟುಗಳು ಅವಳ ಕೆಲಸ ಉಳಿಸಿದವು. ಗ್ರಾಫಪ್ಪ ಇದನ್ನೂ ಬರೆದುಕೊಳ್ಳಲಿ.

ಬರೆದುಕೊಳ್ಳಲಿಲ್ಲ. ಆ ಆರು ಪ್ರಿಂಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. "ಮೇಡಂ, ನನ್ನ ಸ್ವಂತ ಫೀಲ್ಡ್ ಕೂಡ ಇಷ್ಟು ಚೆನ್ನಾಗಿಲ್ಲ" ಅಂದ. ನಿಮ್ಮ ಕಣ್ಣು ಲ್ಯಾಪ್‌ಟಾಪ್ ನೋಡಿ ನೋಡಿ ಹಾಳಾಗಿದೆ, ಅದಕ್ಕೆ ನಾವೇನು ಮಾಡೋಕಾಗುತ್ತೆ ಅಂದೆ. ಎರಡು ದಿನ ನಾನು ಟೆಸ್ಟ್ ಮಾಡುವಾಗ ಪಕ್ಕದಲ್ಲೇ ಕೂತು ನೋಡಬಹುದಾ ಅಂತ ಕೇಳಿದ. ನೋಡಲಿ, ಕಲಿಯಲಿ.

ಮಾರ್ಚ್ ೧೯, ಬುಧವಾರ

ಇಂಥ ಅವಮಾನ ನನಗೆ ಈ ಜನ್ಮದಲ್ಲಿ ಆಗಿಲ್ಲ.

ನನ್ನ ಕೆಲಸ ಏನು? ರೋಗಿಯನ್ನು ಆ ಬಿಳಿ ಬೋಗುಣಿಯ ಮುಂದೆ ಕೂರಿಸಿ, ಗಲ್ಲ ಇಡಿಸಿ, ಒಂದು ಕಣ್ಣಿಗೆ ಪ್ಯಾಚ್ ಕಟ್ಟಿ, ಕೈಗೆ ಬಟನ್ ಕೊಡುವುದು. ಅವರು ನಡುವಿನ ಹಳದಿ ದೀಪವನ್ನೇ ನೋಡುತ್ತಿರಬೇಕು. ಅಂಚಿನಲ್ಲಿ ಎಲ್ಲಾದರೂ ಸಣ್ಣ ಬೆಳಕು ಮಿನುಗಿದರೆ ಬಟನ್ ಒತ್ತಬೇಕು. ಬೆಳಕು ಎಲ್ಲಿ ಬಂತು ಅಂತ ನನ್ನ ಪರದೆಯಲ್ಲಿ ನನಗೆ ಕಾಣುತ್ತೆ. ಕತ್ತಲೆ ರೂಮು, ತಣ್ಣನೆ ಗಾಳಿ, ಐದು ನಿಮಿಷಕ್ಕೆ ಯಾರಿಗಾದರೂ ಜೊಂಪು ಹತ್ತುತ್ತೆ. ಬೆಳಕು ಬಂದರೂ ಒತ್ತಲಿಲ್ಲ ಅಂದರೆ ಭುಜದ ಮೇಲೆ ಮೆಲ್ಲಗೆ ಒಂದು ಸಲ ತಟ್ಟುತ್ತೇನೆ. ಅಷ್ಟೇ. ಎಚ್ಚರ ಆಗಲಿ ಅಂತ.

ಗ್ರಾಫಪ್ಪ ಎರಡು ದಿನ ಕೂತು ಎಣಿಸಿದ್ದಾನೆ! ಹನ್ನೊಂದು ಜನರಿಗೆ ನಾನು ಎಷ್ಟು ಸಲ ತಟ್ಟಿದೆ, ಯಾವಾಗ ತಟ್ಟಿದೆ, ಎಲ್ಲಾ ಆ ಪುಟ್ಟ ಪುಸ್ತಕದಲ್ಲಿ. ಬಾಗಿಲು ಹಾಕಿ ಹೇಳಿದ, "ಮೇಡಂ, ನೀವು ತಟ್ಟೋದು ಬೆಳಕು ಬಂದಾಗ ಮಾತ್ರ. ನಿದ್ದೆ ಬಂದವರಿಗೂ ತಟ್ತೀರಿ, ಕಾಣದವರಿಗೂ ತಟ್ತೀರಿ. ಸುಮ್ಮಸುಮ್ಮನೆ ಒತ್ತೋರನ್ನ ಹಿಡಿಯೋಕೆ ಮೆಷಿನ್ ಆಗಾಗ ಬೆಳಕು ತೋರಿಸದೆ ಸುಮ್ಮನಿರುತ್ತೆ. ನಿಮ್ಮ ರೂಮಲ್ಲಿ ಒಬ್ಬರೂ ಸಿಕ್ಕಿಬಿದ್ದಿಲ್ಲ. ಒಬ್ಬರೂ. ಒತ್ತೋದು ಯಾವಾಗ ಅಂತ ಯಾರೂ ಸೂಚನೆ ಕೊಡದೆ ಹಾಗಾಗೋಕೆ ಸಾಧ್ಯ ಇಲ್ಲ."

"ಅಂದ್ರೆ ನಾನು ಮೋಸ ಮಾಡ್ತೀನಿ ಅಂತೀರಾ?"

"ಇಲ್ಲ ಮೇಡಂ. ಸಹಾಯ ಮಾಡ್ತೀರಿ ಅಂತೀನಿ."

ಮೋಸ ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವನು ಹುಟ್ಟುವ ಹೊತ್ತಿಗೆ ನಾನು ಕೆಲಸ ಹುಡುಕುತ್ತಿದ್ದೆ. ಈ ರೂಮಿಗೆ ಬಂದ ಮೊದಲ ವರ್ಷ ಒಬ್ಬ ಅಜ್ಜಿ ಟೆಸ್ಟ್ ಮುಗಿಸಿ "ನಾನು ಫೇಲಾದೆ" ಅಂತ ಬೋಗುಣಿಗೆ ಹಣೆ ಒತ್ತಿ ಅತ್ತಿದ್ದಳು. ಆಗಿನಿಂದ ನಾನು ತಟ್ಟುತ್ತೇನೆ. ಆಮೇಲೆ ನನ್ನ ರೂಮಿನಲ್ಲಿ ಯಾರೂ ಅತ್ತಿಲ್ಲ. ಇದು ಯಾವ ಗ್ರಾಫಿನಲ್ಲಿ ಬರುತ್ತೆ?

ಮಾರ್ಚ್ ೨೦, ಗುರುವಾರ

ಗೆದ್ದೆ.

ದೊಡ್ಡ ಡಾಕ್ಟ್ರ ಮುಂದೆ ಕಣ್ಣೀರು ಹಾಕದೆ, ದನಿ ಏರಿಸದೆ ಎಲ್ಲಾ ಹೇಳಿದೆ. ಅವರು ಗ್ರಾಫಪ್ಪನನ್ನು ಕರೆಸಿ, "ಇಪ್ಪತ್ತಾರು ವರ್ಷದ ಅನುಭವದ ಮೇಲೆ ಎರಡು ದಿನದ ತೀರ್ಪು ಕೊಡಬೇಡಿ. ನಿಮ್ಮ ಪೇಪರಲ್ಲಿ ಈ ವಿಷಯ ಬರಬಾರದು" ಅಂದರು. ಅವನು ಸರಿ ಸಾರ್ ಅಂದು, ನನ್ನ ಕಡೆ ನೋಡದೆ ಹೊರಟುಹೋದ. ಲ್ಯಾಪ್‌ಟಾಪನ್ನು ಕೆಳಗಿನ ರೆಕಾರ್ಡ್ ರೂಮಿಗೆ ಸಾಗಿಸಿದ್ದಾನೆ. ಅಲ್ಲಿ ಧೂಳು, ಜಿರಳೆ. ಚೆನ್ನಾಗಿ ಗ್ರಾಫ್ ಬಿಡಿಸಲಿ.

ಪ್ಲಗ್ ಪಾಯಿಂಟ್ ಈಗ ನನ್ನದೇ. ಫ್ಯಾನ್ ಹಾಕಿಕೊಂಡು ಕೂತೆ.

ಮಾರ್ಚ್ ೨೧, ಶುಕ್ರವಾರ

ಗೆದ್ದ ಕಥೆಯನ್ನು ಪುಟ್ಟಿಗೆ ಹೇಳದೆ ಇರೋಕಾಗುತ್ತಾ? ಚಹಾ ಕುಡಿಯುತ್ತಾ ಪೂರ್ತಿ ಅಭಿನಯ ಮಾಡಿ ತೋರಿಸಿದೆ. ದೊಡ್ಡ ಡಾಕ್ಟ್ರು, ಗ್ರಾಫಪ್ಪ, ನಾನು, ಮೂರೂ ಪಾತ್ರ.

ಪುಟ್ಟಿ ನಗುತ್ತಾ, "ತಟ್ಟಬಾರದು ಅಂದ್ರೆ ಒತ್ತೋದು ಯಾವಾಗ ಅಂತ ಹೇಗೆ ಗೊತ್ತಾಗ್ಬೇಕು? ಅವನಿಗೆ ಬುದ್ಧಿ ಇಲ್ವಾ?" ಅಂದಳು.

"ಬೆಳಕು ಕಂಡಾಗ ಒತ್ತೋದು ಕಣೇ."

"ಅದು ಸರಿ, ಕಂಡಾಗ ಒತ್ತೋದೇ. ಕಾಣದೆ ಇದ್ದಾಗ ನೀನು ತಟ್ತೀಯಲ್ಲ, ಆಗ್ಲೂ ಒತ್ತೋದು. ಮೊದಲನೇ ಸಲದಿಂದ್ಲೂ ಹಾಗೇ ತಾನೆ? ಅದೇ ನಿಯಮ ಅಂದ್ಕೊಂಡಿದ್ದೆ. ಮೇಲ್ಗಡೆ ಬಂದಾಗ ಜಾಸ್ತಿ ತಟ್ತೀಯ, ಪಾಪ ಅಕ್ಕನ ಕೈ ನೋಯುತ್ತೆ ಅಂತ ಮನಸ್ಸಲ್ಲೇ ನಗ್ತಾ ಇರ್ತೀನಿ."

ನಾನೂ ನಕ್ಕೆ. ನಕ್ಕೆ ಅಂತಲೇ ನೆನಪು.

ಮಾರ್ಚ್ ೨೨, ಶನಿವಾರ

ರಜೆ. ತಲೆನೋವು. ಬಟ್ಟೆ ಒಗೆದೆ.

ಮಾರ್ಚ್ ೨೪, ಸೋಮವಾರ

ಇವತ್ತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಸುಮ್ಮನೆ ನೋಡೋಣ ಅಂತ. ಆ ಗ್ರಾಫಪ್ಪನ ಮಾತು ಎಷ್ಟು ಸುಳ್ಳು ಅಂತ ನನಗೇ ಖಾತ್ರಿ ಆಗಲಿ ಅಂತ.

ಮೊದಲು ಬಂದವರು ರಿಟೈರ್ ಆದ ಗಣಿತದ ಮೇಷ್ಟ್ರು. ಎಂಟು ವರ್ಷದಿಂದ ನನ್ನ ಹತ್ತಿರವೇ ಬರುತ್ತಾರೆ, ಫೀಲ್ಡ್ ಯಾವಾಗಲೂ ಚೆನ್ನಾಗಿರುತ್ತೆ. ಇವತ್ತು ಬಲಗಣ್ಣಿನ ಕೆಳಭಾಗದಲ್ಲಿ ಬೆಳಕು ಬಂತು, ಒತ್ತಲಿಲ್ಲ. ಇನ್ನೂ ಜೋರು ಬೆಳಕು ಬಂತು, ಒತ್ತಲಿಲ್ಲ. ನಿದ್ದೆ ಮಾಡುತ್ತಿದ್ದಾರಾ ಅಂತ ಬಗ್ಗಿ ನೋಡಿದೆ. ಕಣ್ಣು ಅಗಲ ಬಿಟ್ಟುಕೊಂಡು, ಹಳದಿ ದೀಪವನ್ನೇ ನೋಡುತ್ತಾ, ಬೆಳಕಿಗೆ ಕಾಯುತ್ತಾ ಕೂತಿದ್ದರು. ಪ್ರಿಂಟು ಬಂದಾಗ ಕಾಲು ಭಾಗ ಕಪ್ಪು.

"ಹೇಗಿದೆಯಮ್ಮಾ?" ಅಂದರು. ಡಾಕ್ಟ್ರು ಹೇಳ್ತಾರೆ ಅಂದೆ. ಹಾಗೆ ಹೇಳಿ ಗೊತ್ತಿಲ್ಲದ ಬಾಯಿ, ತೊದಲಿತು.

ಮೆಷಿನ್ ಕೆಟ್ಟಿರಬೇಕು. ಸರ್ವೀಸ್‌ನವನನ್ನು ಕರೆಸಿ ನೋಡಿಸಬೇಕು.

ಮಾರ್ಚ್ ೨೫, ಮಂಗಳವಾರ

ಸರ್ವೀಸ್‌ನವನು ಬಂದ, ತೆರೆದ, ಮುಚ್ಚಿದ. ಮೆಷಿನ್ ಚೆನ್ನಾಗಿದೆಯಂತೆ. ಅವನಿಗೇನು ಗೊತ್ತು.

ಪುಟ್ಟಿ ಒಂದನೇ ತಾರೀಕಿಗೆ ಎಣಿಸುತ್ತಾ ಕ್ಯಾಲೆಂಡರ್ ಮೇಲೆ ಗೀಟು ಹಾಕುತ್ತಿದ್ದಾಳೆ. ಮಡಚುವ ಟೇಬಲಿನಲ್ಲಿ ಕೂತು ಕೂತು ಬೆನ್ನು ಬಿದ್ದುಹೋಯಿತಂತೆ. "ನನ್ನ ಮೆಷಿನನ್ನ ಆ ದಡ್ಡ ಮುಟ್ತಾ ಇದ್ದಾನೆ ಅಕ್ಕಾ, ಗೆರೆ ಎಲ್ಲಾ ಸೊಟ್ಟ" ಅಂತ ಬೈಯುತ್ತಾಳೆ. ಮಾತ್ರೆ ತಪ್ಪದೆ ನುಂಗುತ್ತಾಳೆ, ನನಗೆ ತೋರಿಸಿ ನುಂಗುತ್ತಾಳೆ. ಎಲ್ಲಾ ಸರಿಯಾಗಿಯೇ ನಡೆಯುತ್ತಿದೆ. ನಾನು ಸುಮ್ಮನಿದ್ದರೆ ಎಲ್ಲಾ ಸರಿಯಾಗಿಯೇ ನಡೆಯುತ್ತೆ. ಕಣ್ಣು ಹೋಗುವುದಾದರೂ ನಿಧಾನಕ್ಕೆ ಹೋಗುತ್ತೆ, ನಾಳೆಯೇ ಹೋಗಲ್ಲ.

ಥೂ, ಎಂಥ ಮಾತು ಬರೆದೆ. ಹೊಡೆದು ಹಾಕಲ್ಲ, ಇರಲಿ.

ಮಾರ್ಚ್ ೨೬, ಬುಧವಾರ

ರೆಕಾರ್ಡ್ ರೂಮಿಗೆ ಇಳಿದುಹೋದೆ. ಡಾಕ್ಟ್ರು ಜಿರಳೆಗಳ ನಡುವೆ ಕೂತು ಬನ್ ತಿನ್ನುತ್ತಿದ್ದರು. ಮೂರು ದಿನದ ಶರ್ಟು, ಕಾಲರ್ ಕಪ್ಪಾಗಿದೆ. ಇವರಿಗೆ ಹೇಳುವವರು ಕೇಳುವವರು ಯಾರೂ ಇಲ್ಲವೇನೋ. ಫ್ಲಾಸ್ಕಿನಲ್ಲಿ ಮಿಕ್ಕ ಚಹಾ ಇತ್ತು, ಕೊಟ್ಟೆ. ಚೆಲ್ಲುವ ಬದಲು.

"ನೀವು ಹೇಳಿದ್ದು ಸರಿ ಅಂತ ನಾನು ಬಂದಿಲ್ಲ" ಅಂದೆ.

"ಸರಿ ಮೇಡಂ."

"ನನ್ನ ತಂಗಿ ನಾನು ತಟ್ಟಿದಾಗಲೆಲ್ಲ ಒತ್ತಿದ್ದಾಳೆ. ಆರು ವರ್ಷ. ಎಲ್ಲಾ ಮೇಲುಭಾಗ."

ಅವರು ಬನ್ ಕೆಳಗಿಟ್ಟರು. ನೀವು ಎಷ್ಟು ಜನರಿಗೆ ತಟ್ಟಿದ್ದೀರಿ ಅಂತ ಕೇಳುತ್ತಾರೆ ಅಂತ ಕಾದೆ. ಕೇಳಿದ್ದರೆ ಕಪಾಳಕ್ಕೆ ಬಾರಿಸುವ ಹಾಗೆ ಒಂದು ಉತ್ತರ ಕೊಡುತ್ತಿದ್ದೆ. ಕೇಳಲಿಲ್ಲ. "ಅವರನ್ನ ಕರ್ಕೊಂಡು ಬನ್ನಿ. ಒಂದನೇ ತಾರೀಕಿಗೆ ಮುಂಚೆ. ಒಂದು ಟೆಸ್ಟಲ್ಲಿ ಎಲ್ಲಾ ಗೊತ್ತಾಗಲ್ಲ, ಆದ್ರೆ ನಿಜದಿಂದ ಶುರು ಮಾಡಬಹುದು" ಅಂದರು. ಸಿನಿಮಾ ಡೈಲಾಗು. ಆದರೂ ಮೆಟ್ಟಿಲು ಹತ್ತುವಾಗ ಮೂರನೇ ಮೆಟ್ಟಿಲಿನಲ್ಲಿ ಕೂತು ಅತ್ತೆ. ಆ ಅಜ್ಜಿಯ ಹಾಗೆ ಇರಬೇಕು, ಬಾಯಿ ಬಿಟ್ಟುಕೊಂಡು. ಯಾರೂ ನೋಡಲಿಲ್ಲ.

ಮಧ್ಯಾಹ್ನದಿಂದ ಯಾರಿಗೂ ತಟ್ಟಲಿಲ್ಲ.

ಮಾರ್ಚ್ ೨೭, ಗುರುವಾರ

ಪುಟ್ಟಿಗೆ ಹೇಳಿದೆ. ಅಭಿನಯ ಮಾಡದೆ ಹೇಳಿದೆ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದು ನಿಂತಳು. "ಆರು ವರ್ಷ ಚೆನ್ನಾಗಿದೆ, ಚೆನ್ನಾಗಿದೆ ಅಂದೆ. ಈಗ ಮೆಷಿನ್ ಸಿಗೋಕೆ ನಾಲ್ಕು ದಿನ ಇರುವಾಗ ನಿಂಗೆ ಇದು ಹೇಳ್ಬೇಕು ಅನಿಸ್ತಾ?"

"ಪುಟ್ಟಿ..."

"ಪುಟ್ಟಿ ಅನ್ಬೇಡ. ಕಟ್ಟಿಕೊಂಡವನು ನನ್ನ ಕಾಯಿಲೆ ನೋಡಿ ಓಡಿದ. ನೀನು ಕಾಯಿಲೆ ನೋಡೋದೇ ಬೇಡ ಅಂತ ಕಣ್ಣು ಮುಚ್ಕೊಂಡೆ. ಏನು ವ್ಯತ್ಯಾಸ?"



ಮಾರ್ಚ್ ೨೮, ಶುಕ್ರವಾರ

ಮಾತಿಲ್ಲ. ಮಾತ್ರೆ ನುಂಗುತ್ತಾಳೆ, ಆದರೆ ನನಗೆ ತೋರಿಸಿ ಅಲ್ಲ.

ಮಾರ್ಚ್ ೩೦, ಭಾನುವಾರ

ಬೆಳಿಗ್ಗೆ ಬಟ್ಟೆ ಮಡಚುತ್ತಾ, ಗೋಡೆಗೆ ಹೇಳುವ ಹಾಗೆ ಹೇಳಿದಳು, "ನಾಳೆ ಬರ್ತೀನಿ."

"ಎರಡನೇ ಶಿಫ್ಟಿನ ಹುಡುಗಿ ಇದ್ದಾಳೆ, ಅವಳ ಕೈಲಿ ಮಾಡಿಸ್ತೀನಿ" ಅಂದೆ.

"ಬೇಡ. ನೀನೇ ಮಾಡು."

ಯಾಕೆ ಅಂತ ಕೇಳುವ ಧೈರ್ಯ ಬರಲಿಲ್ಲ. ಶಿಕ್ಷೆ ಇರಬೇಕು.

ಮಾರ್ಚ್ ೩೧, ಸೋಮವಾರ

ಹತ್ತೂವರೆಗೆ ಬಂದಳು. ಕೂರಿಸಿದೆ, ಗಲ್ಲ ಇಡಿಸಿದೆ, ಬಲಗಣ್ಣಿಗೆ ಪ್ಯಾಚ್ ಕಟ್ಟಿದೆ. ಬಟನ್ ಕೊಡುವಾಗ ಅವಳ ಬೆರಳು ತಣ್ಣಗಿತ್ತು. ಡಾಕ್ಟ್ರು ಬಾಗಿಲ ಹತ್ತಿರ ನಿಂತಿದ್ದರು. ಹೊರಗಿರಿ ಅಂದೆ, ಹೋದರು.

"ಬೆಳಕು ಕಂಡ್ರೆ ಮಾತ್ರ ಒತ್ತು. ಕಾಣದೆ ಇದ್ರೆ ಒತ್ತಬೇಡ. ನಾನು ಏನೂ ಮಾಡಲ್ಲ" ಅಂದೆ.

"ಗೊತ್ತು" ಅಂದಳು.

ಕುರ್ಚಿಯನ್ನು ಒಂದು ಮಾರು ಹಿಂದಕ್ಕೆ ಎಳೆದುಕೊಂಡು ಕೂತೆ. ನಡುವೆ ಬೆಳಕು ಬಂತು, ಒತ್ತಿದಳು. ಕೆಳಗೆ ಬಂತು, ಒತ್ತಿದಳು. ಎಡಕ್ಕೆ, ಒತ್ತಿದಳು. ಮೇಲೆ, ಮೂಗಿನ ಪಕ್ಕಕ್ಕೆ ಬಂತು. ಇಲ್ಲ. ಬೇರೆ ಕಡೆ ಹೋಗಿ ಮತ್ತೆ ಅಲ್ಲಿಗೇ ಬಂತು, ಇನ್ನೂ ಜೋರಾಗಿ. ಇಲ್ಲ. ಅದರ ಪಕ್ಕ. ಇಲ್ಲ. ನನ್ನ ಬಲಗೈ ತಾನಾಗಿಯೇ ಎದ್ದಿತು. ನಾನು ಎತ್ತಲಿಲ್ಲ, ಅದೇ ಎದ್ದಿತು. ಎಡಗೈಯಿಂದ ಹಿಡಿದು ಮಡಿಲಿಗೆ ಒತ್ತಿಕೊಂಡೆ. ಬೆಳಕು ಬರುತ್ತಿತ್ತು, ನನಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ. ಒಂದು ಮಾರು ದೂರದಲ್ಲಿ ನನ್ನ ತಂಗಿ ಬೆನ್ನು ನೆಟ್ಟಗೆ ಮಾಡಿಕೊಂಡು, ಬೆರಳು ಬಟನ್ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಆರು ನಿಮಿಷ ಹದಿನಾಲ್ಕು ಸೆಕೆಂಡು.

ಪ್ರಿಂಟು ಬಂತು. ಮೇಲಿನ ಮೂಲೆಯಲ್ಲಿ ಹೆಬ್ಬೆರಳಿನ ಗುರುತಿನಷ್ಟು ಕಪ್ಪು. ಮತ್ತೆ ಎರಡು ಸಲ ಮಾಡಿ ನೋಡಬೇಕು, ಆಮೇಲೆ ನರದ ಡಾಕ್ಟ್ರು, ಆಮೇಲೆ ಬಹುಶಃ ಬೇರೆ ಮಾತ್ರೆ. ನಾಳೆ ಒಂದನೇ ತಾರೀಕು.

ಅವಳು ಬೋಗುಣಿಯಿಂದ ಗಲ್ಲ ತೆಗೆಯದೆ, ತಿರುಗದೆ, ಕೇಳಿದಳು, "ಚೆನ್ನಾಗಿದೆಯಾ?"

ಇಪ್ಪತ್ತಾರು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತು ಎಷ್ಟು ಜನ ಈ ಮಾತು ಕೇಳಿದ್ದಾರೋ. ಮೊನ್ನೆ ಮೊನ್ನೆಯವರೆಗೂ ಎಲ್ಲರಿಗೂ ಚೆನ್ನಾಗಿದೆ ಅನ್ನೋ ಒಂದೇ ಉತ್ತರ ಕೊಟ್ಟಿದ್ದೆ.

"ಇಲ್ಲ" ಅಂದೆ.

ಅವಳು ಬಲಗಣ್ಣಿನ ಪ್ಯಾಚನ್ನು ತಾನೇ ಬಿಚ್ಚಿ ಎಡಗಣ್ಣಿಗೆ ಕಟ್ಟಿಕೊಂಡು, "ಸರಿ, ಇದನ್ನೂ ನೋಡು ಅಕ್ಕಾ" ಅಂದಳು.